ಪಟ್ಟಿಯ ಅಂಶಗಳನ್ನು ಇಂಡೆಕ್ಸ್ ಹಿಡಿದು ಪರೀಕ್ಷಿಸುವುದು ಎಲ್ಲಿ ಸರಿ, ಎಲ್ಲಿ ತಪ್ಪು?

ಪ್ರಶ್ನೆ (ಚಿಕ್ಕಬಳ್ಳಾಪುರದಿಂದ)

ಎಲ್ಲರಿಗೂ ನಮಸ್ಕಾರ. ರೇಷ್ಮೆಗೂಡಿನ ವಹಿವಾಟಿನ ಲೆಕ್ಕ ಇಡುವ ಸಣ್ಣ ತಂತ್ರಾಂಶವೊಂದನ್ನು ನಾನು ಜಾವಾದಲ್ಲಿ ಬರೆಯುತ್ತಿದ್ದೇನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿಬರುವ ರೀಲರ್‌ಗಳು (ಗೂಡಿನಿಂದ ನೂಲು ತೆಗೆಯುವವರು), ತಾವು ಯಾವ ಲಾಟನ್ನು (ಒಟ್ಟಿಗೆ ಮಾರುವ ಗೂಡಿನ ರಾಶಿಯನ್ನು) ಯಾವ ದರಕ್ಕೆ ಕೊಂಡೆವು ಎಂಬುದನ್ನು ಮೊಬೈಲಿನಲ್ಲೇ ಬರೆದಿಟ್ಟುಕೊಳ್ಳಲು ಅನುಕೂಲವಾಗಲಿ ಎಂಬುದು ಇದರ ಉದ್ದೇಶ. ದತ್ತಾಂಶ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ, ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳು ಜೆಯೂನಿಟ್ 5 ಎಂಬ ಜಾವಾ ಪರೀಕ್ಷಾ ಸಾಧನದಲ್ಲಿವೆ.

ಪಟ್ಟಿಯನ್ನು ಹಿಂದಿರುಗಿಸುವ ಮೂರು ಮೆಥಡ್‌ಗಳಿವೆ. ಮೊದಲನೆಯದು ಆ ದಿನದ ಲಾಟ್‌ಗಳನ್ನು ಕೆಜಿ ದರದ ಇಳಿಕೆಯ ಕ್ರಮದಲ್ಲಿ ಕೊಡುತ್ತದೆ. ಎರಡನೆಯದು ಒಬ್ಬ ರೀಲರ್ ಕೊಂಡ ಲಾಟ್‌ಗಳನ್ನಷ್ಟೇ ಕೊಡುತ್ತದೆ. ಮೂರನೆಯದು ಗೂಡು ಬಂದ ಊರುಗಳ ಹೆಸರುಗಳನ್ನು ಅಕಾರಾದಿಯಾಗಿ ಕೊಡುತ್ತದೆ.

ಮೊದಲ ಮೆಥಡ್‌ನ ಪರೀಕ್ಷೆಯಲ್ಲಿ ಮೂರು ಲಾಟ್‌ಗಳನ್ನು ಸೇರಿಸಿದ್ದೇನೆ: 9ನೇ ಲಾಟಿಗೆ 985 ರೂಪಾಯಿ, 31ನೇ ಲಾಟಿಗೆ 870, 12ನೇ ಲಾಟಿಗೆ 1020. ಇಂಡೆಕ್ಸ್, ಅಂದರೆ ಪಟ್ಟಿಯಲ್ಲಿನ ಸ್ಥಾನಸಂಖ್ಯೆ, 0ಯಿಂದ ಶುರುವಾಗುವುದರಿಂದ ಬಂದ ಪಟ್ಟಿಯ 0ನೇ ಅಂಶದ ಲಾಟ್ ಸಂಖ್ಯೆ 12, 1ನೇ ಅಂಶದ್ದು 9, 2ನೇ ಅಂಶದ್ದು 31 ಎಂದು ಮೂರು ಬೇರೆ ಬೇರೆ ಅಸರ್ಟ್‌ಈಕ್ವಲ್ಸ್ (ಬರಬೇಕಾದದ್ದೂ ಬಂದದ್ದೂ ಸಮವೇ ಎಂದು ನೋಡುವ) ಸಾಲುಗಳಿವೆ. ಈಚೆಗೆ ದತ್ತಾಂಶಕ್ಕೆ 1050 ರೂಪಾಯಿಯ 40ನೇ ಲಾಟನ್ನು ಸೇರಿಸಿದಾಗ ಮೂರೂ ಸಾಲುಗಳ ಇಂಡೆಕ್ಸ್ ಬದಲಿಸಬೇಕಾಯಿತು. ಫೇಲಾದಾಗ ಬಂದ ಸಂದೇಶದಲ್ಲಿ 12 ಬರಬೇಕಿತ್ತು, 40 ಬಂದಿದೆ ಎಂಬುದರ ಹೊರತು ಬೇರೇನೂ ಇರಲಿಲ್ಲ. ಎರಡನೆಯ ಮೆಥಡ್‌ನ ಪರೀಕ್ಷೆಯನ್ನೂ ಹೀಗೆಯೇ ಬರೆದಿದ್ದೇನೆ. ಅದು ಲ್ಯಾಪ್‌ಟಾಪಿನಲ್ಲಿ ಪಾಸಾಗುತ್ತದೆ, ಸರ್ವರ್‌ನಲ್ಲಿ ಆಗಾಗ ಫೇಲಾಗುತ್ತದೆ.

ಇಂಥ ಅಸರ್ಷನ್‌ಗಳಲ್ಲಿ (ಪರೀಕ್ಷೆಯ ಹೇಳಿಕೆಗಳಲ್ಲಿ) ಇಂಡೆಕ್ಸ್ ಬಳಸುವುದನ್ನೇ ಬಿಡಬೇಕೆ? ಬಿಟ್ಟರೆ ಕ್ರಮವನ್ನು ಪರೀಕ್ಷಿಸುವ ಬಗೆ ಯಾವುದು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ತುಮಕೂರಿನಿಂದ)

ನಮಸ್ಕಾರ. ಇಂಡೆಕ್ಸನ್ನು ಬಿಡಬೇಕೆ ಎಂದು ತೀರ್ಮಾನಿಸುವ ಮೊದಲು, ಪಟ್ಟಿಯ ಕ್ರಮವು ಆ ಮೆಥಡ್ ತನ್ನನ್ನು ಕರೆಯುವವರಿಗೆ ಕೊಟ್ಟ ಮಾತೇ ಅಥವಾ ಸುಮ್ಮನೆ ಹಾಗೆ ಬಂದದ್ದೇ ಎಂಬುದನ್ನು ಪ್ರತಿಯೊಂದು ಮೆಥಡ್‌ಗೂ ಕೇಳಿಕೊಳ್ಳಿ. ನಿಮ್ಮ ಮೊದಲ ಮತ್ತು ಮೂರನೆಯ ಮೆಥಡ್‌ಗಳಲ್ಲಿ ಕ್ರಮವೇ ಮಾತು. ಎರಡನೆಯದರಲ್ಲಿ ಕ್ರಮದ ಪ್ರಸ್ತಾಪವೇ ಇಲ್ಲ. ಆದ್ದರಿಂದ ಆ ಪರೀಕ್ಷೆಯಲ್ಲಿ ಇಂಡೆಕ್ಸ್ ಇರುವುದು, ಮೆಥಡ್ ಎಂದೂ ಕೊಡದ ಮಾತನ್ನು ಅದರಿಂದ ವಸೂಲು ಮಾಡಲು ಹೊರಟಂತೆ.

ಎರಡನೆಯದನ್ನೇ ಮೊದಲು ಮುಗಿಸೋಣ. ಡೇಟಾಬೇಸ್‌ಗೆ ಕೇಳುವ ಎಸ್‌ಕ್ಯೂಎಲ್ ಪ್ರಶ್ನೆಯಲ್ಲಿ ಕ್ರಮವನ್ನು ಹೇಳುವ ಆರ್ಡರ್ ಬೈ ಇಲ್ಲದಿದ್ದರೆ ಸಾಲುಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬುದಕ್ಕೆ ಯಾವ ಖಾತರಿಯೂ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ಏಕೆಂದರೆ ಅಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿದಾಗ ಹಳೆಯ ಸಾಲನ್ನು ಇದ್ದಲ್ಲಿಯೇ ತಿದ್ದುವ ಬದಲು ಅದರ ಹೊಸ ಆವೃತ್ತಿಯನ್ನು ಬರೆಯಲಾಗುತ್ತದೆ, ಆ ಹೊಸ ಆವೃತ್ತಿ ಟೇಬಲ್‌ನ ಬೇರೊಂದು ಜಾಗದಲ್ಲಿ ಕುಳಿತುಕೊಳ್ಳಬಹುದು, ಆಗ ಮುಂದಿನ ಬಾರಿ ಓದುವಾಗ ಆ ಸಾಲು ಪಟ್ಟಿಯಲ್ಲಿ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ. ಕ್ರಮದ ಖಾತರಿ ಕೊಡದ ಜಾವಾದ ಹ್ಯಾಶ್‌ಸೆಟ್ ಅಥವಾ ಹ್ಯಾಶ್‌ಮ್ಯಾಪ್ ಎಂಬ ಸಂಗ್ರಹಗಳು ಮಧ್ಯೆ ಬಂದರೂ ಇದೇ ಕಥೆ. ಲ್ಯಾಪ್‌ಟಾಪಿನಲ್ಲಿ ಪಾಸಾಗಿ ಸರ್ವರ್‌ನಲ್ಲಿ ಫೇಲಾಗುವ ಪರೀಕ್ಷೆಯನ್ನು ಕಂಡಾಗ ನಾನು ಮೊದಲು ಹುಡುಕುವುದು ಇದನ್ನೇ. ಇಲ್ಲಿ ಅಸರ್ಟ್‌ಜೆ ಎಂಬ ಪರೀಕ್ಷಾ ಗ್ರಂಥಾಲಯದ (ಸಿದ್ಧ ಕೋಡಿನ ಸಂಗ್ರಹದ) ಕಂಟೇನ್ಸ್‌ಎಕ್ಸಾಕ್ಟ್ಲಿಇನ್‌ಎನಿಆರ್ಡರ್ ಬಳಸಿ. ಹೇಳಿದ ಅಂಶಗಳೆಲ್ಲ ಇವೆಯೇ, ಹೆಚ್ಚಿನದು ಯಾವುದೂ ಇಲ್ಲವೇ, ಎರಡು ಸಲ ಬರಬೇಕಾದದ್ದು ಎರಡೇ ಸಲ ಬಂದಿದೆಯೇ ಎಂಬುದನ್ನೆಲ್ಲ ಅದು ನೋಡುತ್ತದೆ. ಕ್ರಮವನ್ನು ಮಾತ್ರ ಕೇಳುವುದಿಲ್ಲ.

ಮೊದಲ ಮೆಥಡ್‌ಗೆ ಬಂದರೆ, ಅಲ್ಲಿಯೂ ಇಂಡೆಕ್ಸ್ ಹಿಡಿದು ಒಂದೊಂದೇ ಸಾಲು ಬರೆಯುವುದಕ್ಕಿಂತ ಇಡೀ ಪಟ್ಟಿಯನ್ನು ಒಂದೇ ಹೇಳಿಕೆಯಲ್ಲಿ ಹೋಲಿಸುವುದು ಲೇಸು. ಎಕ್ಸ್‌ಟ್ರಾಕ್ಟಿಂಗ್ ಮೂಲಕ ಲಾಟ್ ಸಂಖ್ಯೆಗಳನ್ನು ಹೊರತೆಗೆದು, ಕ್ರಮವನ್ನೂ ನೋಡುವ ಕಂಟೇನ್ಸ್‌ಎಕ್ಸಾಕ್ಟ್ಲಿ 12, 9, 31 ಎಂದು ಬರೆದರೆ ಸಾಕು. ಓದುವವರಿಗೆ ನಿರೀಕ್ಷಿತ ಕ್ರಮ ಒಂದೇ ನೋಟಕ್ಕೆ ಸಿಗುತ್ತದೆ. 40ನೇ ಲಾಟನ್ನು ಸೇರಿಸಿದಾಗ ಆ ಸಾಲಿನ ಮೊದಲಿಗೆ 40 ಎಂದು ಬರೆದರೆ ಕೆಲಸ ಮುಗಿಯುತ್ತದೆ.

ಸಂದೇಶದ ವಿಚಾರವನ್ನು ನೀವು ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಇಂಡೆಕ್ಸ್ ಸಾಲುಗಳ ದೊಡ್ಡ ಕೊರತೆ ಇರುವುದು ಅಲ್ಲಿಯೇ. ಮೊದಲ ಅಸರ್ಟ್‌ಈಕ್ವಲ್ಸ್ ಫೇಲಾದ ಕೂಡಲೇ ಪರೀಕ್ಷೆ ಅಲ್ಲಿಗೇ ನಿಂತುಬಿಡುವುದರಿಂದ, ಉಳಿದ ಅಂಶಗಳು ಸರಿಯಿದ್ದವೇ, ಎಲ್ಲವೂ ಒಂದೊಂದು ಸ್ಥಾನ ಕೆಳಗೆ ಸರಿದಿದ್ದವೇ, ಇಲ್ಲವೇ ಪಟ್ಟಿಯೇ ತಿರುವುಮುರುವಾಗಿತ್ತೇ ಎಂಬುದು ತಿಳಿಯುವುದಿಲ್ಲ. ಈ ಮೂರಕ್ಕೂ ಕಾರಣಗಳು ಬೇರೆ ಬೇರೆ. ಕಂಟೇನ್ಸ್‌ಎಕ್ಸಾಕ್ಟ್ಲಿ ಫೇಲಾದಾಗ ಬಂದ ಪಟ್ಟಿ ಮತ್ತು ಬರಬೇಕಿದ್ದ ಪಟ್ಟಿ ಎರಡನ್ನೂ ಮುದ್ರಿಸಿ, ಯಾವ ಅಂಶ ಸಿಗಲಿಲ್ಲ, ಯಾವುದು ಅನಿರೀಕ್ಷಿತವಾಗಿ ಬಂತು ಎಂದು ಬಿಡಿಸಿ ಹೇಳುತ್ತದೆ. ಅಂಶಗಳೆಲ್ಲ ಇದ್ದು ಕ್ರಮ ಮಾತ್ರ ತಪ್ಪಿದ್ದರೆ, ಯಾವ ಇಂಡೆಕ್ಸ್‌ನಲ್ಲಿ ತಪ್ಪಿತು ಎಂಬುದನ್ನೂ ತಿಳಿಸುತ್ತದೆ. ಹೊಸ ಗ್ರಂಥಾಲಯ ಬೇಡವೆಂದಾದರೆ ಜೆಯೂನಿಟ್ 5ರಲ್ಲಿಯೇ ಇರುವ ಅಸರ್ಟ್‌ಇಟರಬಲ್‌ಈಕ್ವಲ್ಸ್ ಸಹ ಮೊದಲು ವ್ಯತ್ಯಾಸ ಕಂಡ ಇಂಡೆಕ್ಸನ್ನು ಹೇಳುತ್ತದೆ.

ಒಂದು ಎಚ್ಚರಿಕೆ. ಹ್ಯಾಮ್‌ಕ್ರೆಸ್ಟ್ ಎಂಬ ಇನ್ನೊಂದು ಪರೀಕ್ಷಾ ಗ್ರಂಥಾಲಯದ ಕಂಟೇನ್ಸ್ ಎಂಬುದು ಹೇಳಿದ ಅಂಶಗಳು ಹೇಳಿದ ಕ್ರಮದಲ್ಲಿಯೇ, ಹೆಚ್ಚು ಕಡಿಮೆ ಇಲ್ಲದೆ ಇರಬೇಕೆಂದು ಕೇಳುತ್ತದೆ. ಅಸರ್ಟ್‌ಜೆಯ ಕಂಟೇನ್ಸ್‌ಗೆ ಆ ಅಂಶಗಳು ಎಲ್ಲಿಯಾದರೂ ಇದ್ದರೆ ಸಾಕು, ಬೇರೆಯವು ಎಷ್ಟಿದ್ದರೂ ಚಿಂತೆಯಿಲ್ಲ. ಹ್ಯಾಮ್‌ಕ್ರೆಸ್ಟ್‌ನಿಂದ ಅಸರ್ಟ್‌ಜೆಗೆ ಪರೀಕ್ಷೆಗಳನ್ನು ಬದಲಾಯಿಸುವಾಗ ಹೆಸರು ಒಂದೇ ಎಂದು ಹಾಗೆಯೇ ಉಳಿಸಿಕೊಂಡರೆ, ಪರೀಕ್ಷೆಗಳು ಹಸಿರಾಗಿಯೇ ಇದ್ದು, ಅಂದರೆ ಪಾಸಾಗುತ್ತಲೇ ಇದ್ದು, ಕ್ರಮವನ್ನು ನೋಡುವುದನ್ನು ಮಾತ್ರ ನಿಲ್ಲಿಸಿಬಿಡುತ್ತವೆ.

ಉತ್ತರ (ಕೋಲಾರದಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಇಂಡೆಕ್ಸ್‌ನ ಪರವಾಗಿಯೂ ಒಂದೆರಡು ಮಾತು ಹೇಳಬೇಕು. ಸ್ಥಾನವೇ ವಿಷಯವಾಗಿರುವ ಕಡೆ ಇಂಡೆಕ್ಸ್‌ನಷ್ಟು ನೇರವಾದದ್ದು ಬೇರೊಂದಿಲ್ಲ. ಟೊಮೆಟೊ ಮಂಡಿಯ ದಿನದ ದರಗಳನ್ನು ಸಿಎಸ್‌ವಿ ಕಡತವಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯವಾಗಿ) ಕೊಡುವ ತಂತ್ರಾಂಶವಿದೆ ಎಂದಿಟ್ಟುಕೊಳ್ಳಿ. ಅದರ 0ನೇ ಸಾಲು ಶೀರ್ಷಿಕೆಯಾಗಿರಬೇಕು ಎಂಬುದು ನಿಯಮವಾದರೆ, ಆ ಪರೀಕ್ಷೆ 0ನೇ ಸಾಲನ್ನೇ ಕೇಳಬೇಕು. ಐನೂರು ಸಾಲುಗಳ ಪಟ್ಟಿಯಲ್ಲಿ ಅತಿ ಹೆಚ್ಚು ದರದ ಲಾಟು ಮೊದಲಿಗೆ ಬಂತೇ ಎಂಬುದಷ್ಟೇ ಪರೀಕ್ಷೆಯ ವಿಷಯವಾಗಿದ್ದರೆ, ಐನೂರನ್ನೂ ಪರೀಕ್ಷೆಯಲ್ಲಿ ಬರೆದಿಡುವುದು ಓದುವವರಿಗೆ ಹೊರೆ. ಅಸರ್ಟ್‌ಜೆಯಲ್ಲಿ ಫಸ್ಟ್, ಲಾಸ್ಟ್, ಎಲಿಮೆಂಟ್ ಎಂಬ ಮೆಥಡ್‌ಗಳಿರುವುದೇ ಇದಕ್ಕಾಗಿ.

ಆದರೆ ಇಂಡೆಕ್ಸ್ ಬಳಸುವ ಪರೀಕ್ಷೆಯಲ್ಲಿ ಪಟ್ಟಿಯ ಉದ್ದವನ್ನು ಮೊದಲೇ ಪರೀಕ್ಷಿಸಲೇಬೇಕು. ಪ್ರಶ್ನೆ ಕೇಳಿದವರ ಮೂರು ಸಾಲುಗಳಲ್ಲಿ ಉದ್ದದ ಪರೀಕ್ಷೆ ಕಾಣಲಿಲ್ಲ. ಮೂರರ ಜೊತೆಗೆ ಯಾರದೋ ಹತ್ತು ಲಾಟ್‌ಗಳು ಕೊನೆಯಲ್ಲಿ ಸೇರಿಕೊಂಡು ಬಂದರೂ ಆ ಪರೀಕ್ಷೆ ಪಾಸಾಗುತ್ತದೆ. ಪಟ್ಟಿ ಚಿಕ್ಕದಾಗಿದ್ದರೆ ಜಾವಾ ಇಂಡೆಕ್ಸ್‌ಔಟ್‌ಆಫ್‌ಬೌಂಡ್ಸ್ ಎಕ್ಸೆಪ್ಶನ್ (ಕೋಡನ್ನು ನಡುವೆಯೇ ನಿಲ್ಲಿಸುವ ದೋಷಸೂಚನೆ) ಎಸೆಯುತ್ತದೆ. ಪರೀಕ್ಷೆಗಳನ್ನು ಓಡಿಸುವ ಮೇವೆನ್ ಎಂಬ ಸಾಧನದ ವರದಿಯಲ್ಲಿ ಅದು ಫೇಲ್ಯೂರ್ ಎಂಬ ಲೆಕ್ಕಕ್ಕೆ ಬರದೆ ಎರರ್ ಎಂಬ ಲೆಕ್ಕಕ್ಕೆ ಹೋಗುತ್ತದೆ. ನೋಡಿದವರು ಪರೀಕ್ಷೆಯ ಕೋಡೇ ಕೆಟ್ಟಿದೆ ಎಂದು ಭಾವಿಸಿ ಅಲ್ಲಿ ತಡಕಾಡುತ್ತಾರೆ.

ಜಾವಾ ಕೂಗಿಯಾದರೂ ಹೇಳುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇಲ್ಲದ ಇಂಡೆಕ್ಸ್ ಕೇಳಿದರೆ ಸದ್ದಿಲ್ಲದೆ ಅನ್‌ಡಿಫೈನ್ಡ್ ಬರುತ್ತದೆ. ಆದ್ದರಿಂದ ರದ್ದಾದ ಲಾಟು 0ನೇ ಸ್ಥಾನದಲ್ಲಿ ಇರಬಾರದು ಎಂಬಂಥ ಪರೀಕ್ಷೆಯು ಪಟ್ಟಿ ಪೂರ್ತಿ ಖಾಲಿಯಿದ್ದಾಗಲೂ ಪಾಸಾಗಿಬಿಡುತ್ತದೆ. ನಾನು ಹೆಚ್ಚಾಗಿ ಕೆಲಸ ಮಾಡುವ ಪೈಥಾನ್‌ನಲ್ಲಿ -1 ಎಂಬ ಇಂಡೆಕ್ಸ್ ಕೊನೆಯ ಅಂಶವನ್ನು ಕೊಡುತ್ತದೆ. ಪಟ್ಟಿಯಲ್ಲಿ ಒಂದೇ ಅಂಶವಿದ್ದರೆ 0 ಮತ್ತು -1 ಎರಡೂ ಅದೇ ಅಂಶ, ಹಾಗಾಗಿ ಮೊದಲನೆಯದೂ ಕೊನೆಯದೂ ರದ್ದಾಗಿಲ್ಲ ಎಂದು ನೋಡುವ ಪರೀಕ್ಷೆಗೆ ನಡುವಿನವೆಲ್ಲ ಕಳೆದುಹೋದದ್ದು ಗೊತ್ತೇ ಆಗುವುದಿಲ್ಲ.

ಇಂಡೆಕ್ಸ್ ಬೇಡವೆಂದು ಲೂಪ್ ಬರೆಯುವವರಿಗೂ ಇದೇ ಅಪಾಯ ಉಂಟು. ಬಂದ ಪಟ್ಟಿಯ ಮೇಲೆ ಲೂಪ್ ಓಡಿಸಿ ಒಳಗೆ ಅಸರ್ಷನ್ ಇಟ್ಟರೆ, ಖಾಲಿ ಪಟ್ಟಿಗೆ ಲೂಪ್ ಒಮ್ಮೆಯೂ ಓಡದೆ ಪರೀಕ್ಷೆ ಪಾಸಾಗುತ್ತದೆ. ಎಲ್ಲ ಅಂಶಗಳೂ ಷರತ್ತಿಗೆ ಹೊಂದುತ್ತವೆಯೇ ಎಂದು ನೋಡುವ ಜಾವಾದ ಆಲ್‌ಮ್ಯಾಚ್ ಕೂಡ ಖಾಲಿ ಪಟ್ಟಿಗೆ ಹೌದು ಎಂದೇ ಉತ್ತರಿಸುತ್ತದೆ. ಎರಡು ಪಟ್ಟಿಗಳನ್ನು ಜೋಡಿಜೋಡಿಯಾಗಿ ಕೊಡುವ ಪೈಥಾನ್‌ನ ಜಿಪ್ ಅವುಗಳಲ್ಲಿ ಚಿಕ್ಕದು ಮುಗಿದೊಡನೆ ನಿಲ್ಲುತ್ತದೆ. 2021ರಲ್ಲಿ ಬಂದ 3.10ನೇ ಆವೃತ್ತಿಯಿಂದ ಅದಕ್ಕೆ ಸ್ಟ್ರಿಕ್ಟ್ ಎಂಬ ಆಯ್ಕೆ ಇದೆ, ಉದ್ದ ಬೇರೆಯಾದರೆ ಎಕ್ಸೆಪ್ಶನ್ ಎಸೆಯುತ್ತದೆ. ಪೈಥಾನ್‌ನ ಪರೀಕ್ಷಾ ಸಾಧನವಾದ ಪೈಟೆಸ್ಟ್ ಬಳಸುವವರು ಎರಡು ಪಟ್ಟಿಗಳನ್ನು ನೇರವಾಗಿ ಸಮವೆಂದು ಅಸರ್ಟ್ ಮಾಡಿದರೆ ಇದಾವುದರ ಗೊಡವೆಯೂ ಇಲ್ಲ. ಮೊದಲು ಬೇರೆಯಾದ ಇಂಡೆಕ್ಸನ್ನು ಅದೇ ತೋರಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎರಡನೆಯ ಮೆಥಡ್‌ನ ಪರೀಕ್ಷೆ ಈಗ ಸರ್ವರ್‌ನಲ್ಲಿಯೂ ಸ್ಥಿರವಾಗಿದೆ. ಮೊದಲನೆಯದರಲ್ಲಿ ಎರಡು ಹೊಸ ಸಂದೇಹಗಳು ಹುಟ್ಟಿವೆ.

ಒಂದೇ ದರಕ್ಕೆ ಹೋದ ಲಾಟ್‌ಗಳು ನಿಜವಾದ ವಹಿವಾಟಿನಲ್ಲಿ ಎಷ್ಟೋ ಇರುತ್ತವೆ. ಹಾಗಾಗಿ ದತ್ತಾಂಶದಲ್ಲಿ 9 ಮತ್ತು 31ನೇ ಲಾಟ್‌ಗಳೆರಡಕ್ಕೂ 985 ರೂಪಾಯಿ ಇಟ್ಟು ನೋಡಿದೆ. ಎಸ್‌ಕ್ಯೂಎಲ್‌ನಲ್ಲಿ ದರದ ಮೇಲೆ ಆರ್ಡರ್ ಬೈ ಇದ್ದರೂ ಕೆಲವೊಮ್ಮೆ 9 ಮೊದಲು ಬರುತ್ತದೆ, ಕೆಲವೊಮ್ಮೆ 31. ಇಲ್ಲಿ ಪರೀಕ್ಷೆಯನ್ನು ಸಡಿಲಗೊಳಿಸಬೇಕೆ?

ಇನ್ನೊಂದು, ಲಾಟ್ ಸಂಖ್ಯೆಯ ಜೊತೆಗೆ ದರವನ್ನೂ ಸೇರಿಸಿ ಇಡೀ ಅಂಶವನ್ನು ಹೋಲಿಸಲು ಹೋದರೆ, ನೋಡಲು ಒಂದೇ ಆಗಿರುವ ಪಟ್ಟಿಗಳು ಸಮವಲ್ಲ ಎಂದು ಬರುತ್ತದೆ. ದರ ಬಿಗ್‌ಡೆಸಿಮಲ್‌ನಲ್ಲಿದೆ (ಜಾವಾದ ದಶಮಾಂಶ ಸಂಖ್ಯೆಯ ಬಗೆ), ಲಾಟ್ ಎಂಬುದು ರೆಕಾರ್ಡ್ (ಕೆಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ಜಾವಾದ ಬಗೆ).

ಉತ್ತರ (ತುಮಕೂರಿನಿಂದ)

ಮೊದಲ ಸಂದೇಹಕ್ಕೆ: ಪರೀಕ್ಷೆಯನ್ನು ಸಡಿಲಗೊಳಿಸಬೇಡಿ, ಕೋಡನ್ನು ಬಿಗಿಗೊಳಿಸಿ. ದರವೊಂದರ ಮೇಲೆ ಆರ್ಡರ್ ಬೈ ಇದ್ದಾಗ, ದರ ಸಮವಾದ ಸಾಲುಗಳ ನಡುವೆ ಯಾವುದು ಮೊದಲು ಎಂಬುದನ್ನು ಡೇಟಾಬೇಸ್‌ಗೆ ಯಾರೂ ಹೇಳಿಲ್ಲ. ಜಾವಾದ ಕಲೆಕ್ಷನ್ಸ್ ಸಾರ್ಟ್‌ನಿಂದ ಜೋಡಿಸಿದರೂ ಇದು ಬಗೆಹರಿಯುವುದಿಲ್ಲ. ಆ ಜೋಡಣೆ ಸ್ಥಿರ, ಅಂದರೆ ಸಮವಾದ ಅಂಶಗಳು ಬಂದ ಕ್ರಮವನ್ನು ಅದು ಕೆಡಿಸುವುದಿಲ್ಲ ಎಂಬುದು ನಿಜ. ಆದರೆ ಬಂದ ಕ್ರಮವೇ ಅನಿಶ್ಚಿತವಾಗಿರುವಾಗ ಅದು ಕಾಪಾಡುವುದೂ ಅನಿಶ್ಚಿತತೆಯನ್ನೇ. ಆದ್ದರಿಂದ ದರದ ನಂತರ ಲಾಟ್ ಸಂಖ್ಯೆಯನ್ನು ಎರಡನೆಯ ಕೀಲಿಯಾಗಿ ಸೇರಿಸಿ. ಒಂದು ದಿನದಲ್ಲಿ ಲಾಟ್ ಸಂಖ್ಯೆ ಮತ್ತೆ ಬರುವುದಿಲ್ಲವಾದರೆ ಕ್ರಮ ಪೂರ್ತಿ ನಿಶ್ಚಿತವಾಗುತ್ತದೆ, ಕಂಟೇನ್ಸ್‌ಎಕ್ಸಾಕ್ಟ್ಲಿಯನ್ನು ಧೈರ್ಯವಾಗಿ ಬರೆಯಬಹುದು.

ಇದು ಪರೀಕ್ಷೆಯ ಅನುಕೂಲಕ್ಕಾಗಿ ಮಾತ್ರ ಮಾಡುವ ಕೆಲಸವೆಂದು ದಯವಿಟ್ಟು ಭಾವಿಸಬೇಡಿ. ಮೊಬೈಲಿನಲ್ಲಿ ಒಂದು ಪುಟಕ್ಕೆ ಇಪ್ಪತ್ತು ಲಾಟ್‌ಗಳಂತೆ ಲಿಮಿಟ್ (ಎಷ್ಟು ಸಾಲು) ಮತ್ತು ಆಫ್‌ಸೆಟ್ (ಎಷ್ಟನ್ನು ಬಿಟ್ಟು) ಹಾಕಿ ತೋರಿಸುತ್ತೀರಿ ಎಂದುಕೊಳ್ಳೋಣ. ಸಮ ದರದ ಲಾಟ್‌ಗಳು ಪುಟದ ಅಂಚಿನಲ್ಲಿದ್ದು ಅವುಗಳ ಕ್ರಮ ಎರಡು ಪ್ರಶ್ನೆಗಳ ನಡುವೆ ಬದಲಾದರೆ, ಒಂದು ಲಾಟು ಎರಡೂ ಪುಟಗಳಲ್ಲಿ ಬಂದು ಇನ್ನೊಂದು ಯಾವ ಪುಟದಲ್ಲಿಯೂ ಕಾಣದೆ ಹೋಗುತ್ತದೆ. ತಾನು ಹಣ ಕೊಟ್ಟು ಕೊಂಡ ಗೂಡು ಪಟ್ಟಿಯಲ್ಲಿಲ್ಲ ಎಂದು ರೀಲರ್ ನಿಮ್ಮನ್ನು ಕೇಳುವ ಸಂದರ್ಭ ಅದು. ನಿಮ್ಮ ಪರೀಕ್ಷೆ ಈ ದೋಷವನ್ನು ಬಳಕೆದಾರರಿಗಿಂತ ಮೊದಲೇ ಹಿಡಿದುಕೊಟ್ಟಿದೆ. ಅಂಥ ಪರೀಕ್ಷೆಯನ್ನು ಕ್ರಮ ನೋಡದಂತೆ ಬದಲಿಸಿಬಿಟ್ಟರೆ ದೋಷ ಹಾಗೆಯೇ ಉಳಿದು ಸೂಚನೆ ಮಾತ್ರ ಮಾಯವಾಗುತ್ತದೆ.

ದತ್ತಾಂಶದ ಆಯ್ಕೆಯ ಬಗ್ಗೆಯೂ ಇಲ್ಲಿಯೇ ಹೇಳುತ್ತೇನೆ, ಏಕೆಂದರೆ ಕ್ರಮದ ಪರೀಕ್ಷೆಯ ಬೆಲೆಯೆಲ್ಲ ಇರುವುದು ಇದರಲ್ಲಿಯೇ. ಲಾಟ್‌ಗಳನ್ನು ದರದ ಇಳಿಕೆಯ ಕ್ರಮದಲ್ಲಿಯೇ ಸೇರಿಸಿದ್ದರೆ, ಜೋಡಣೆಯ ಕೋಡನ್ನು ಪೂರ್ತಿ ಅಳಿಸಿದರೂ ಪರೀಕ್ಷೆ ಪಾಸಾಗುವ ಸಂಭವವಿದೆ. ನೀವು ಮೊದಲು ಕೊಟ್ಟ ಮೂರು ಲಾಟ್‌ಗಳು ಈ ದೃಷ್ಟಿಯಿಂದ ಬಹಳ ಚೆನ್ನಾಗಿವೆ. ಸೇರಿಸಿದ ಕ್ರಮ 9, 31, 12. ಬರಬೇಕಾದ ಕ್ರಮ 12, 9, 31. ಲಾಟ್ ಸಂಖ್ಯೆಯ ಏರಿಕೆಯಲ್ಲಿ ಜೋಡಿಸಿದರೆ 9, 12, 31 ಬರುತ್ತದೆ, ಇಳಿಕೆಯಲ್ಲಿ 31, 12, 9. ದರದ ಏರಿಕೆಯಲ್ಲಿ ಜೋಡಿಸಿಬಿಟ್ಟರೆ 31, 9, 12. ದರವನ್ನು ಸಂಖ್ಯೆಯಾಗಿ ನೋಡದೆ ಅಕ್ಷರಗಳ ಸರಣಿಯಾಗಿ ಹೋಲಿಸಿದರೆ 1020 ಎಲ್ಲಕ್ಕಿಂತ ಚಿಕ್ಕದಾಗಿ ಕೊನೆಗೆ ಬೀಳುತ್ತದೆ. ಯಾವ ತಪ್ಪು ದಾರಿಯಲ್ಲಿ ಹೋದರೂ ಸರಿಯಾದ ಉತ್ತರ ಆಕಸ್ಮಿಕವಾಗಿ ಬರುವುದಿಲ್ಲ. ಸಮ ದರದ ಪ್ರಕರಣವನ್ನು ಇದೇ ಪರೀಕ್ಷೆಗೆ ತುರುಕದೆ ಪ್ರತ್ಯೇಕ ಪರೀಕ್ಷೆಯಾಗಿ ಬರೆಯಿರಿ, ಮತ್ತು ಅದರಲ್ಲಿ 31ನೇ ಲಾಟನ್ನು ಮೊದಲು ಸೇರಿಸಿ.

ಎರಡನೆಯ ಸಂದೇಹಕ್ಕೆ ಕಾರಣ ಎರಡು ಸಂಖ್ಯೆಗಳು ಸಮವೇ ಎಂದು ನೋಡುವ ಬಿಗ್‌ಡೆಸಿಮಲ್‌ನ ಈಕ್ವಲ್ಸ್. ಅದು ಬೆಲೆಯ ಜೊತೆಗೆ ದಶಮಾಂಶ ಸ್ಥಾನಗಳ ಸಂಖ್ಯೆಯನ್ನೂ ನೋಡುವುದರಿಂದ 985 ಮತ್ತು 985.00 ಅದರ ಕಣ್ಣಿಗೆ ಬೇರೆ ಬೇರೆ. ಎರಡು ದಶಮಾಂಶ ಸ್ಥಾನಗಳ ನ್ಯೂಮೆರಿಕ್ ಕಾಲಮ್‌ನಿಂದ ಬಂದದ್ದು 985.00 ಆಗಿರುತ್ತದೆ, ನೀವು ಪರೀಕ್ಷೆಯಲ್ಲಿ 985 ಎಂದು ಬರೆದಿರುತ್ತೀರಿ. ರೆಕಾರ್ಡ್ ತನ್ನ ಈಕ್ವಲ್ಸನ್ನು ಒಳಗಿನ ಪ್ರತಿ ಭಾಗದ ಈಕ್ವಲ್ಸ್‌ನಿಂದಲೇ ಕಟ್ಟಿಕೊಳ್ಳುವುದರಿಂದ ಈ ಭೇದ ಇಡೀ ಲಾಟಿಗೆ ಅಂಟಿಕೊಳ್ಳುತ್ತದೆ. ಹೆಚ್ಚು ಕಡಿಮೆಯನ್ನು ಹೋಲಿಸುವ ಕಂಪೇರ್‌ಟು ಮಾತ್ರ ಎರಡನ್ನೂ ಸಮವೆನ್ನುತ್ತದೆ. ಹಾಗಾಗಿ ದರಗಳನ್ನು ಪ್ರತ್ಯೇಕವಾಗಿ ಹೊರತೆಗೆದು, ಯೂಸಿಂಗ್‌ಎಲಿಮೆಂಟ್‌ಕಂಪ್ಯಾರೇಟರ್‌ಗೆ ಬಿಗ್‌ಡೆಸಿಮಲ್‌ನ ಕಂಪೇರ್‌ಟು ಕೊಟ್ಟು, ಆಮೇಲೆ ಕಂಟೇನ್ಸ್‌ಎಕ್ಸಾಕ್ಟ್ಲಿ ಬರೆಯಬಹುದು. ಆದರೆ ನನಗೆ ಹೆಚ್ಚು ಹಿಡಿಸುವ ದಾರಿ ಬೇರೆ: ರೆಕಾರ್ಡನ್ನು ಕಟ್ಟುವ ಕನ್‌ಸ್ಟ್ರಕ್ಟರ್‌ನಲ್ಲಿಯೇ ದರವನ್ನು ಎರಡು ದಶಮಾಂಶ ಸ್ಥಾನಗಳಿಗೆ ಸರಿಪಡಿಸಿಟ್ಟರೆ, ಪರೀಕ್ಷೆಯಲ್ಲಿ ಮಾತ್ರವಲ್ಲದೆ ತಂತ್ರಾಂಶದ ಉದ್ದಗಲಕ್ಕೂ ಒಂದು ದರಕ್ಕೆ ಒಂದೇ ರೂಪ ಇರುತ್ತದೆ.

ಉತ್ತರ (ಚಿಂತಾಮಣಿಯಿಂದ)

ಮೂರನೆಯ ಮೆಥಡ್ ಅಂದರೆ ಊರುಗಳ ಪಟ್ಟಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಇದನ್ನು ಸೇರಿಸುತ್ತಿದ್ದೇನೆ. ಹೆಸರುಗಳನ್ನು ಕನ್ನಡದಲ್ಲಿಯೇ ಇಟ್ಟುಕೊಂಡಿದ್ದರೆ, ಜಾವಾದ ಸ್ಟ್ರಿಂಗ್ ಹೋಲಿಕೆ ಪ್ರತಿ ಅಕ್ಷರಕ್ಕೆ ಕಂಪ್ಯೂಟರಿನಲ್ಲಿರುವ ಯೂನಿಕೋಡ್ ಸಂಕೇತಗಳ ಕ್ರಮವನ್ನು ಅನುಸರಿಸುತ್ತದೆ, ನಮ್ಮ ವರ್ಣಮಾಲೆಯ ಕ್ರಮವನ್ನಲ್ಲ. ಎರಡೂ ಬಹುಪಾಲು ಹೊಂದುತ್ತವೆ, ಆದರೆ ಎಲ್ಲ ಕಡೆ ಹೊಂದುವುದಿಲ್ಲ. ವರ್ಣಮಾಲೆಯಲ್ಲಿ ಹ ಆದ ಮೇಲೆ ಕೊನೆಗೆ ಬರುವ ಳ ಅಕ್ಷರ ಯೂನಿಕೋಡ್‌ನಲ್ಲಿ ಲ ಆದ ಕೂಡಲೇ, ವ ಅಕ್ಷರಕ್ಕಿಂತ ಮೊದಲೇ ಇದೆ. ಹೀಗಾಗಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರು ಮತ್ತು ನಮ್ಮ ತಾಲ್ಲೂಕಿನ ಮಸ್ತೇನಹಳ್ಳಿ ಎರಡೂ ಪಟ್ಟಿಯಲ್ಲಿದ್ದರೆ, ನಿಘಂಟು ನೋಡಿ ಬೆಳೆದವರು ಮಸ್ತೇನಹಳ್ಳಿಯನ್ನು ಮೊದಲು ಹುಡುಕುತ್ತಾರೆ, ಸಾಮಾನ್ಯ ಸಾರ್ಟ್ ಮಳ್ಳೂರನ್ನು ಮೊದಲು ಇಡುತ್ತದೆ.

ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿ, ಶಿಡ್ಲಘಟ್ಟ ಎಂಬ ನಾಲ್ಕು ಹೆಸರುಗಳನ್ನಿಟ್ಟು ಬರೆದ ಪರೀಕ್ಷೆ ಎರಡು ಕ್ರಮಗಳಲ್ಲಿಯೂ ಪಾಸಾಗುತ್ತದೆ, ಏಕೆಂದರೆ ಮೊದಲ ಅಕ್ಷರದಲ್ಲಿಯೇ ಅವು ಬೇರೆಯಾಗಿಬಿಡುತ್ತವೆ. ಮೇಲಿನವರು ದರಗಳ ಬಗ್ಗೆ ಹೇಳಿದ್ದು ಹೆಸರುಗಳಿಗೂ ಅನ್ವಯಿಸುತ್ತದೆ: ಸರಿ ಕ್ರಮವನ್ನೂ ತಪ್ಪು ಕ್ರಮವನ್ನೂ ಬೇರ್ಪಡಿಸುವ ಜೋಡಿಯೊಂದು ದತ್ತಾಂಶದಲ್ಲಿರಬೇಕು. ಯಾವ ಕ್ರಮ ಬೇಕೆಂಬುದನ್ನು ಬಳಸುವವರನ್ನು ಕೇಳಿ ನಿರ್ಧರಿಸಿ. ವರ್ಣಮಾಲೆಯ ಕ್ರಮವೇ ಬೇಕೆಂದಾದರೆ ಕನ್ನಡಕ್ಕೆ ಹೊಂದಿಸಿದ ಕೊಲೇಟರ್ (ಭಾಷೆಯ ಕ್ರಮದಲ್ಲಿ ಹೆಸರುಗಳನ್ನು ಹೋಲಿಸುವ ಸಾಧನ) ಒಂದನ್ನು ಬಳಸಿ, ಮಸ್ತೇನಹಳ್ಳಿ, ಮಳ್ಳೂರು ಎಂಬ ಎರಡೇ ಹೆಸರುಗಳ ಕಂಟೇನ್ಸ್‌ಎಕ್ಸಾಕ್ಟ್ಲಿ ಬರೆದು, ಆ ಕೊಲೇಟರ್ ನಿಜವಾಗಿ ಹಾಗೆ ಜೋಡಿಸುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಜೋಡಣೆಯನ್ನು ಪೋಸ್ಟ್‌ಗ್ರೆಸ್‌ಗೇ ಬಿಟ್ಟಿದ್ದರೆ ಅಲ್ಲಿಯ ಕೊಲೇಷನ್ (ಅಕ್ಷರಗಳ ಜೋಡಣೆಯ ನಿಯಮ) ಲ್ಯಾಪ್‌ಟಾಪಿನಲ್ಲೂ ಸರ್ವರ್‌ನಲ್ಲೂ ಒಂದೇ ಇರಬೇಕು, ಇಲ್ಲವಾದರೆ ಮತ್ತೆ ಒಂದು ಕಡೆ ಪಾಸು, ಇನ್ನೊಂದು ಕಡೆ ಫೇಲು ಆಗುತ್ತದೆ.

ಪ್ರಶ್ನೆ ಕೇಳಿದವರು

ಎಸ್‌ಕ್ಯೂಎಲ್‌ಗೆ ಲಾಟ್ ಸಂಖ್ಯೆಯನ್ನು ಎರಡನೆಯ ಕೀಲಿಯಾಗಿ ಸೇರಿಸಿದ್ದೇನೆ, ದರವನ್ನು ರೆಕಾರ್ಡಿನಲ್ಲಿಯೇ ಎರಡು ದಶಮಾಂಶಕ್ಕೆ ತಂದಿದ್ದೇನೆ. ಎರಡೂ ಪರೀಕ್ಷೆಗಳು ಪಾಸಾಗುತ್ತಿವೆ. ಆರ್ಡರ್ ಬೈ ತೆಗೆದು ನೋಡಿದಾಗ ಎರಡೂ ಫೇಲಾದವು, ಸಂದೇಶದಲ್ಲಿ ತಪ್ಪಿದ ಇಂಡೆಕ್ಸ್ ಕೂಡ ಬಂತು. ಊರುಗಳ ಪಟ್ಟಿ ಮಾತ್ರ ಸದ್ಯ ಮಳ್ಳೂರನ್ನೇ ಮೊದಲು ಕೊಡುತ್ತಿದೆ. ರೀಲರ್‌ಗಳನ್ನು ಕೇಳಿಕೊಂಡು ಕೊಲೇಟರ್ ಸೇರಿಸುತ್ತೇನೆ. ಅಲ್ಲಿಯವರೆಗೆ ಆ ಪರೀಕ್ಷೆಯನ್ನು ಫೇಲಾಗುವಂತೆಯೇ ಇಟ್ಟಿರುತ್ತೇನೆ.